ಹಂಡೆ, ಕೊಪ್ಪರಿಗೆ, ಗಂಗಾಳ: ನಮ್ಮ ಮನೆಗಳ ಹಳೆಯ ಬ್ಯಾಂಕು



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಾಲ, ಠೇವಣಿ, ಗೊಬ್ಬರದ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ನಮ್ಮ ಹಳೆಯ ಪಾತ್ರೆಗಳ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ. ಪಾತ್ರೆಗೂ ಸಂಘಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಐತಿ, ಮುಂದೆ ಹೇಳುತ್ತೇನೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳೇ ಮನೆಗಳಲ್ಲಿ ಬಚ್ಚಲಕ್ಕೆ ತಾಮ್ರದ ಹಂಡೆ, ಅಡಿಗೆಗೆ ಹಿತ್ತಾಳಿ ಬೋಗುಣಿ, ನೀರಿಗೆ ಕೊಡ, ತಂಬಿಗಿ, ಉಣ್ಣಲು ಕಂಚಿನ ಗಂಗಾಳ ಇರುತ್ತಿದ್ದವು. ಮದುವೆ, ಜಾತ್ರೆ ಬಂದರೆ ದೊಡ್ಡ ಕೊಪ್ಪರಿಗೆ ಬೇಕು. ಹುಗ್ಗಿ ಅದರಲ್ಲೇ, ಸಾರು ಅದರಲ್ಲೇ, ರಾಮನವಮಿಯ ಪಾನಕವೂ ಅದರಲ್ಲೇ. ಎಲ್ಲರ ಮನೆಯಲ್ಲಿ ಕೊಪ್ಪರಿಗೆ ಇರೂದಿಲ್ಲ. ಒಬ್ಬರದನ್ನು ಹತ್ತು ಮನೆಯವರು ಒಯ್ದು, ಬೆಳಗಿ ತಿರುಗಿ ಕೊಡುತ್ತಿದ್ದರು. ಸಹಕಾರ ಅಂದರೆ ಇದೇ ಅಲ್ಲವೇ?

ಪಾನಕದಂಥದ್ದಕ್ಕೇ ಸಾರಾಯಿ ಬೆರೆಸಿ ಇಂಗ್ಲಿಷರು 'ಪಂಚ್' ಅಂದರು. ಐದು ಪದಾರ್ಥ ಕೂಡಿಸುವುದರಿಂದ ನಮ್ಮ 'ಪಂಚ' ಶಬ್ದವೇ ಅಲ್ಲಿಗೆ ಹೋಯಿತು ಎಂದು ಬಹಳ ಮಂದಿ ಹೇಳುತ್ತಾರೆ. ಅವರೂ ದೊಡ್ಡ ಬೋಗುಣಿಯ ಸುತ್ತ ಕೂತು ಹಂಚಿಕೊಂಡೇ ಕುಡಿಯುತ್ತಿದ್ದರು.

ಕೈಯಿಂದ ಮಾಡಿದ ಪಾತ್ರೆ ಗುರುತಿಸುವುದು ಸುಲಭ. ಕುಶಲಕರ್ಮಿಗಳು ತಾಮ್ರದ ತಗಡನ್ನು ಕಾಯಿಸಿ ಬಡಿದು, ಅಂಚಿಗೆ ಹಲ್ಲು ಕತ್ತರಿಸಿ, ಒಂದರೊಳಗೊಂದು ಕೂಡಿಸಿ, ಬಿಳಿಗಾರ ಹಾಕಿ ಬೆಸುಗೆ ಮಾಡುತ್ತಿದ್ದರು. ಅದಕ್ಕೇ ಹಳೇ ಹಂಡೆಯ ಹೊಟ್ಟೆ ಮೇಲೆ ಗರಗಸದ ಹಲ್ಲಿನಂಥ ಗೆರೆ, ಸುತ್ತಿಗೆಯ ಗುರುತು ಕಾಣುತ್ತವೆ. ಹುಳಿ ಹಾಕುವ ಪಾತ್ರೆಗೆ ಕಲಾಯಿ ಬೇಕೇ ಬೇಕು, ಇಲ್ಲದಿದ್ದರೆ ಕಿಲುಬು ಹಿಡಿದು ಹೊಟ್ಟೆ ಕೆಡುತ್ತದೆ. ತವರ 232 ಡಿಗ್ರಿ ಶಾಖಕ್ಕೆ ಕರಗುತ್ತದೆ. ಕಲಾಯಿಯವನು ಪಾತ್ರೆ ಕಾಯಿಸಿ, ನವಸಾಗರ ಹಾಕಿ, ಅರಿವೆಯಿಂದ ತವರ ತಿಕ್ಕಿದರೆ ಒಳಗೆಲ್ಲ ಬೆಳ್ಳಿಯಂತೆ ಹೊಳೆಯುತ್ತಿತ್ತು. ಪಾತ್ರೆ ವ್ಯಾಪಾರದ ಬೋಗಾರರ ಹೆಸರು ಬೆಳಗಾವಿಯ ಬೋಗಾರವೇಸಿನಲ್ಲಿ ಇಂದಿಗೂ ಉಳಿದಿದೆ.

ಇನ್ನು ಸಂಘದ ಸಂಬಂಧ. ಸುಗ್ಗಿ ಚಲೋ ಆದ ವರ್ಷ ರೈತ ಒಂದು ಹಂಡೆ ಕೊಳ್ಳುತ್ತಿದ್ದ, ಮಗಳ ಮದುವೆಗೆ ಭಾಂಡೆ ಕೊಡುತ್ತಿದ್ದ. ಬರ ಬಿದ್ದರೆ ಅದನ್ನೇ ಸಾವಕಾರನ ಕಡೆ ಒತ್ತೆ ಇಡುತ್ತಿದ್ದ. ಬಡವನ ಠೇವಣಿ ಅಂದರೆ ಅದೇ. ಬಡ್ಡಿ ಬೆಳೆದರೆ ಹಂಡೆ ಮನೆಗೆ ಬರುತ್ತಿರಲಿಲ್ಲ. ಅಡಿಗೆ ಪಾತ್ರೆ ಹೋದರೆ ಸಂಸಾರವೇ ನಿಲ್ಲುತ್ತದೆ ಎಂಬುದನ್ನು ಸರಕಾರವೂ ಬಲ್ಲದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಸಾಲಗಾರನ ಅಗತ್ಯ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ ಜಪ್ತಿ ಮಾಡುವಂತಿಲ್ಲ. ಆದರೆ ತಾನಾಗಿ ಒತ್ತೆ ಇಟ್ಟವನಿಗೆ ಆ ರಕ್ಷಣೆ ಎಲ್ಲಿ? ಅದಕ್ಕೆ ಕಡಿಮೆ ಬಡ್ಡಿಯ ಸಾಲವೇ ಬೇಕಿತ್ತು. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿತು. ನಮ್ಮ ಸಂಘವೂ ಆ ಬಳ್ಳಿಯದೇ ಕುಡಿ. ಅಂದರೆ ಸಂಘ ಬಂದದ್ದು ಮನೆಯ ಹಂಡೆ ಮನೆಯಲ್ಲೇ ಉಳಿಯಲಿ ಅಂತ.

ಆದರೆ ಈಗ ಸಾವಕಾರನ ಕಾಟ ಇಲ್ಲದೆಯೂ ಹಂಡೆ ಹೋಗುತ್ತಿವೆ. ಮೊದಲು ಅಲ್ಯೂಮಿನಿಯಂ ಬಂತು, ಆಮೇಲೆ ಸ್ಟೀಲು, ಪ್ಲಾಸ್ಟಿಕ್ಕು. ಹಗುರ, ಕಲಾಯಿ ಬೇಡ, ಹೆಣ್ಣುಮಕ್ಕಳಿಗೆ ಹುಣಸೆಹಣ್ಣು ಹಾಕಿ ತಿಕ್ಕುವ ಕಷ್ಟ ತಪ್ಪಿತು. ಇದನ್ನು ತಪ್ಪು ಅನ್ನಲಾಗದು. ಆದರೆ ಮೋಡಕಾದವನಿಗೆ ತೂಕಕ್ಕೆ ಹಾಕಿದ ಪಾತ್ರೆ ಕರಗಿ ಹೋಗುತ್ತದೆ, ಅದರ ಮೇಲೆ ಕೊರೆದ ಅಜ್ಜಿಯ ಹೆಸರು, ತವರೂರು, ಇಸವಿ ಕೂಡ ಅದರೊಂದಿಗೇ ಕರಗುತ್ತದೆ. ಎಷ್ಟೋ ಮನೆಯ ಹೆಣ್ಣುಮಕ್ಕಳ ಹೆಸರು ಉತಾರದಲ್ಲಿ ಇಲ್ಲ, ಪಾತ್ರೆ ಮೇಲೆ ಮಾತ್ರ ಐತಿ.

ಇಂಥ ಕಸುಬಿಗೆ ಜಗತ್ತು ಬೆಲೆ ಕೊಡುತ್ತದೆ. ಪಂಜಾಬದ ಜಂಡಿಯಾಲಾ ಗುರು ಊರಿನ ಠಠೇರರ ತಾಮ್ರ-ಹಿತ್ತಾಳೆ ಪಾತ್ರೆ ಕಸುಬನ್ನು 2014ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ನಮ್ಮ ಬೀದರಿನ ಬಿದರಿ ಕಲೆಯ ಶಾ ರಶೀದ ಅಹಮದ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಮಾರುವುದಿದ್ದರೆ ಮಾರಿರಿ, ಅಡಚಣೆ ಎಲ್ಲರಿಗೂ ಇರುತ್ತದೆ. ಮಾರುವ ಮೊದಲು ಅದರ ಮೇಲಿನ ಅಕ್ಷರ ಓದಿ, ಬರೆದಿಡಿ, ಒಂದು ಫೋಟೋ ತೆಗೆಸಿಡಿ. ದೊಡ್ಡ ಕೊಪ್ಪರಿಗೆ ಇಟ್ಟುಕೊಳ್ಳಲು ಜಾಗ ಇಲ್ಲದವರು ಸಂಘಕ್ಕೆ ಕೊಟ್ಟರೆ ಮದುವೆ-ಮುಂಜಿವೆಗೆ ಎಲ್ಲರಿಗೂ ಆದೀತು, ಕೊಟ್ಟವರ ಹೆಸರೂ ಉಳಿದೀತು. ಈ ಮಾತನ್ನು ಆಡಳಿತ ಮಂಡಳಿಯ ಸಭೆಯಲ್ಲೂ ಇಡುವವನಿದ್ದೇನೆ.