ಸಂಬಳಕ್ಕೆ ಅನುದಾನ, ಕಾರ್ಯಕ್ರಮಕ್ಕೆ ಗಳಿಕೆ: ಗೊಳಸಂಗಿ ಸೀಮೆಯಿಂದ ಪ್ರಸಾರ ಭಾರತಿಯ ಹಣಕಾಸು

ಸಾರ್ವಜನಿಕ ಪ್ರಸಾರ ಸರ್ಕಾರದ ಹಣವನ್ನು ಎಷ್ಟು ನೆಚ್ಚಿದೆ ಎಂದು ಕೇಳಿದರೆ ಒಟ್ಟು ಅನುದಾನದ ಮೊತ್ತ ಹೇಳಿ ಮುಗಿಸುವುದು ರೂಢಿ. ಆ ಹಣ ಯಾವ ಬಾಬ್ತಿಗೆ ಬರುತ್ತದೆ ಎಂಬುದನ್ನೂ ನೋಡಬೇಕು. ಅವಿಭಜಿತ ಬಸವನ ಬಾಗೇವಾಡಿ ತಾಲ್ಲೂಕಿನ ಗೊಳಸಂಗಿಯಂಥ ಊರಿನ ಕೇಳುಗರಿಗೆ ದಕ್ಕುವುದೇನು ಎಂಬುದು ಅದರಿಂದಲೇ ನಿರ್ಧಾರವಾಗುತ್ತದೆ ಎಂಬುದು ಈ ಲೇಖನದ ವಾದ.

ಈ ಊರು ಸೇರಿದ್ದ ಮುಂಬಯಿ ಕರ್ನಾಟಕಕ್ಕೆ 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಕೇಂದ್ರ ಬಂತು. ಆಗ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ, ಲೈಸೆನ್ಸ್ ಪುಸ್ತಕಕ್ಕೆ ಸ್ಟಾಂಪು ಹಚ್ಚಿಸಿ, ಮುದ್ರೆ ಒತ್ತಿಸಿಕೊಳ್ಳುತ್ತಿದ್ದರು. 1967ರಲ್ಲಿ ವಿವಿಧ ಭಾರತಿಗೆ ಜಾಹೀರಾತು ಬಂತು. 1985ರಲ್ಲಿ ಲೈಸೆನ್ಸ್ ಶುಲ್ಕವೇ ರದ್ದಾಯಿತು. ಜನರಿಗೆ ಹೊರೆ ಇಳಿಯಿತು, ಪ್ರಸಾರಕ್ಕೆ ಕೇಳುಗರಿಂದ ಬರುತ್ತಿದ್ದ ಆದಾಯವೂ ನಿಂತಿತು.

ಆಕಾಶವಾಣಿಯನ್ನು ಸ್ವಾಯತ್ತ ನಿಗಮದ ಕೈಗೆ ಕೊಟ್ಟ 1990ರ ಪ್ರಸಾರ ಭಾರತಿ ಕಾಯ್ದೆ ಜಾರಿಗೆ ಬಂದದ್ದು 1997ರಲ್ಲಿ. ಅದರ 17ನೇ ಕಲಮು ನಿಗಮದ ಆದಾಯಮೂಲಗಳಲ್ಲಿ ಲೈಸೆನ್ಸ್ ಶುಲ್ಕವನ್ನು, ‘ಇದ್ದಲ್ಲಿ’ ಎಂಬ ಷರತ್ತಿನೊಡನೆ, ಹೆಸರಿಸುತ್ತದೆ. ಕಾಯ್ದೆ ರೂಪುಗೊಳ್ಳುವ ಐದು ವರ್ಷ ಮೊದಲೇ ರದ್ದಾದ ಶುಲ್ಕವಿದು. ಉಳಿದದ್ದು ಕೇಂದ್ರ ಸರ್ಕಾರ ಅಗತ್ಯವೆಂದು ಬಗೆದಷ್ಟು ಹಣ. ಕಾಗದದ ಮೇಲಿನ ಸ್ವಾಯತ್ತತೆ ಖಜಾನೆಯ ಬಾಗಿಲಲ್ಲಿ ನಿಲ್ಲುವುದು ಇಲ್ಲಿಯೇ.

2012ರ ಕೇಂದ್ರ ಸಂಪುಟದ ನಿರ್ಣಯ ಈ ಅವಲಂಬನೆಗೆ ಖಚಿತ ಆಕಾರ ಕೊಟ್ಟಿತು. 2007ರ ಅಕ್ಟೋಬರ್ 5ರಂದು ಸೇವೆಯಲ್ಲಿದ್ದ ನೌಕರರ ಸಂಬಳ ಪೂರ್ತಿ ಸರ್ಕಾರದ್ದು, ನಿರ್ವಹಣಾ ವೆಚ್ಚ ನಿಗಮದ ಸ್ವಂತ ಗಳಿಕೆಯದು. ಟ್ರಾನ್ಸ್‌ಮಿಟರು, ಸ್ಟುಡಿಯೊಗಳ ಆಧುನೀಕರಣಕ್ಕೆ 2023ರ ಜನವರಿಯಲ್ಲಿ 2,539.61 ಕೋಟಿ ರೂಪಾಯಿಯ ಪ್ರತ್ಯೇಕ ಯೋಜನೆಗೆ ಒಪ್ಪಿಗೆ ದೊರೆಯಿತು.

ಗೊಳಸಂಗಿಗೆ ಹತ್ತಿರವಿರುವುದು ವಿಜಯಪುರ ಆಕಾಶವಾಣಿ. ತೊಗರಿಯ ಕೀಟಬಾಧೆ ಕುರಿತು ಒಂದು ಮಾತುಕತೆ ಬಿತ್ತರಿಸಬೇಕೆಂದರೆ ತಜ್ಞರ ಸಂಭಾವನೆ, ಹೊಲಕ್ಕೆ ಹೋಗುವ ವಾಹನ, ಸಾಂದರ್ಭಿಕ ಉದ್ಘೋಷಕರ ದಿನಗೂಲಿ ಹುಟ್ಟಬೇಕು. ಇವು ಸಂಬಳದ ಬಾಬ್ತಿಗೆ ಸೇರವು, ಯಂತ್ರದ ಬಾಬ್ತಿಗೂ ಸೇರವು. ಜಾಹೀರಾತುದಾರರಿಗೆ ಬೇಕಾದದ್ದು ದೊಡ್ಡ ಪಟ್ಟಣದ ಕೇಳುಗರು. ಹೀಗಾಗಿ ಗಳಿಕೆ ತಗ್ಗಿದಾಗ ಮೊದಲು ಕತ್ತರಿ ಬೀಳುವ ಅಪಾಯ ಇಂಥ ಸ್ಥಳೀಯ ಕಾರ್ಯಕ್ರಮಗಳಿಗೇ.

ಜರ್ಮನಿಯಲ್ಲಿ ಮನೆಮನೆಯ ಪ್ರಸಾರ ವಂತಿಗೆ ಎಷ್ಟಿರಬೇಕೆಂದು ಸ್ವತಂತ್ರ ಆಯೋಗ ಶಿಫಾರಸು ಮಾಡುತ್ತದೆ. ನಮ್ಮಲ್ಲಿ ಮತ್ತೆ ಶುಲ್ಕ ಹೇರುವುದು ಆಗದ ಮಾತು. ಸರ್ಕಾರದ ಹಣ ಬೇಡವೆನ್ನುವುದೂ ಸರಿಯಲ್ಲ, ಅದಿಲ್ಲದೆ ಜಿಲ್ಲಾ ಕೇಂದ್ರಗಳು ಉಳಿಯಲಾರವು. 17ನೇ ಕಲಮನ್ನು ತಿದ್ದಿ, ಐದು ವರ್ಷಗಳ ಅನುದಾನವನ್ನು ಸಂಸತ್ತು ಒಮ್ಮೆಗೇ ನಿಗದಿ ಮಾಡಬೇಕು. ಅದರಲ್ಲಿ ಜಿಲ್ಲಾ ಕೇಂದ್ರಗಳ ಕಾರ್ಯಕ್ರಮಕ್ಕೆ ಪ್ರತ್ಯೇಕ ಬಾಬ್ತು ಇರಬೇಕು.