ಮೌಸ್ ಸೂಚಕ: ಹೊಂದಿಸುವ ಬಗೆ, ಹದಗೆಟ್ಟಾಗ ಸರಿಪಡಿಸುವ ಬಗೆ

ಶಹಾಪುರ, ಸುರಪುರ, ಯಾದಗಿರಿ ಭಾಗದ ರೈತನೊಬ್ಬನಿಗೆ ಇಂದು ಪಹಣಿ ಬೇಕಾದರೂ, ವಿದ್ಯಾರ್ಥಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಾದರೂ, ವೃದ್ಧೆಗೆ ಪಿಂಚಣಿಯ ಅರ್ಜಿ ಸಲ್ಲಿಸಬೇಕಾದರೂ ಆ ಕೆಲಸ ಗಣಕದ ತೆರೆಯ ಮೇಲೆ ಓಡಾಡುವ ಒಂದು ಚಿಕ್ಕ ಬಾಣದ ಮೂಲಕವೇ ಆಗಬೇಕು. ಕೈಬರಹದ ಪಹಣಿಗಳು 2000ರ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯೊಂದಿಗೆ ಗಣಕಕ್ಕೆ ಬಂದವು. ನಂತರ ನಾಡಕಚೇರಿಗಳು, ಗ್ರಾಮ ಪಂಚಾಯಿತಿಗಳು, ಗ್ರಾಮ ಒನ್ ಕೇಂದ್ರಗಳೂ ಅದೇ ಹಾದಿ ಹಿಡಿದವು. ಸರತಿಯಲ್ಲಿ ನಲವತ್ತು ಜನ ನಿಂತಿರುವಾಗ ಸೂಚಕ ಮಾಯವಾದರೆ, ಅಥವಾ ಒಂದು ಸರ್ವೆ ನಂಬರಿನ ಬದಲು ಅದರ ಕೆಳಗಿನ ಸಾಲಿನ ಮೇಲೆ ಒತ್ತು ಬಿದ್ದರೆ ತೊಂದರೆಯಾಗುವುದು ಯಂತ್ರಕ್ಕಲ್ಲ, ಬಾಗಿಲಲ್ಲಿ ನಿಂತವನಿಗೆ.

ಸೂಚಕದ ಹುಟ್ಟು

ಮೌಸ್ ಎಂಬ ಸಾಧನದ ಕಲ್ಪನೆ ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಅವರದು. ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರಲ್ಲಿ ಮರದ ಪೆಟ್ಟಿಗೆಯೊಳಗೆ ಎರಡು ಗಾಲಿಗಳನ್ನಿಟ್ಟು ಮೊದಲ ಮಾದರಿಯನ್ನು ತಯಾರಿಸಿದರು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದರ ಬಹಿರಂಗ ಪ್ರದರ್ಶನ ನಡೆಯಿತು. ಆಗಿನ ಸೂಚಕ ನೇರವಾಗಿ ಮೇಲ್ಮುಖವಾಗಿ ನಿಂತ ಬಾಣವಾಗಿತ್ತು. ಮುಂದೆ ಝೆರಾಕ್ಸ್ ಸಂಸ್ಥೆಯ ಪಾರ್ಕ್ ಸಂಶೋಧನಾಲಯದಲ್ಲಿ ಅದನ್ನು ಎಡಕ್ಕೆ ಓರೆಯಾಗಿಸಲಾಯಿತು. ಅಂದಿನ ತೆರೆಗಳಲ್ಲಿ ಚುಕ್ಕಿಗಳು ದಪ್ಪವಾಗಿದ್ದು, ನೇರ ಬಾಣ ಮಸುಕಾಗಿ ಕಾಣುತ್ತಿತ್ತು. ಒಂದು ಅಂಚು ನೆಟ್ಟಗೆ, ಇನ್ನೊಂದು 45 ಡಿಗ್ರಿ ಓರೆಯಾಗಿದ್ದರೆ ಸ್ಪಷ್ಟವಾಗಿ ಮೂಡುತ್ತಿತ್ತು. ತೆರೆಗಳು ಸುಧಾರಿಸಿ ದಶಕಗಳೇ ಕಳೆದರೂ ಓರೆ ಹಾಗೆಯೇ ಉಳಿದಿದೆ.

ಹೊಸದಾಗಿ ಕಲಿಯುವವರಿಗೆ ಮೊದಲು ತಿಳಿಸಬೇಕಾದ ಸಂಗತಿಯೊಂದಿದೆ. ಬಾಣ ಎಷ್ಟೇ ದೊಡ್ಡದಿರಲಿ, ಗಣಕ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅದರ ತುದಿಯ ಒಂದೇ ಒಂದು ಚುಕ್ಕಿಯನ್ನು ಮಾತ್ರ. ಬಾಣದ ಒಡಲು ಗುಂಡಿಯ ಮೇಲಿದ್ದು ತುದಿ ಹೊರಗಿದ್ದರೆ ಒತ್ತಿದ್ದು ವ್ಯರ್ಥ. ಕೈ ಆಕಾರದ ಸೂಚಕದಲ್ಲಿ ಆ ಚುಕ್ಕಿ ತೋರುಬೆರಳಿನ ತುದಿಯಲ್ಲಿರುತ್ತದೆ. ‘ಒತ್ತಿದರೂ ತೆರೆಯುವುದಿಲ್ಲ’ ಎಂಬ ದೂರುಗಳಲ್ಲಿ ಹಲವು ಇಷ್ಟರಿಂದಲೇ ಪರಿಹಾರವಾಗುತ್ತವೆ.

ಕಣ್ಣಿಗೆ ತಕ್ಕಂತೆ, ಕೈಗೆ ತಕ್ಕಂತೆ

ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿದ ನಿಯಮಗಳು 2012ರಲ್ಲಿ ಬಂದವು. ಬಡ್ತಿ, ವೇತನ ಬಡ್ತಿಗಳು ಅದಕ್ಕೆ ತಳಕು ಹಾಕಿಕೊಂಡಿದ್ದರಿಂದ ಐವತ್ತು ದಾಟಿದ ಗುಮಾಸ್ತರೂ ಮೌಸ್ ಹಿಡಿಯಬೇಕಾಯಿತು. ಚಾಳೀಸಿನ ಕನ್ನಡಕ, ಪೊರೆ ಬಂದ ಕಣ್ಣು, ನಡುಗುವ ಕೈ ಇವುಗಳೊಡನೆ ಕೆಲಸ ಮಾಡುವವರು ಸೂಚಕವನ್ನು ಇದ್ದ ಹಾಗೆಯೇ ಬಳಸಬೇಕೆಂಬ ಕಟ್ಟಳೆಯೇನೂ ಇಲ್ಲ. ಇದು ಗೊತ್ತಿಲ್ಲದೆ ‘ನನಗೆ ಕಂಪ್ಯೂಟರ್ ಹತ್ತುವುದಿಲ್ಲ’ ಎಂದು ಕೈಚೆಲ್ಲುವವರು ಅನೇಕರು.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ‘ಆಕ್ಸೆಸಿಬಿಲಿಟಿ’, ಅದರೊಳಗೆ ‘ಮೌಸ್ ಪಾಯಿಂಟರ್ ಆ್ಯಂಡ್ ಟಚ್’ ಎಂಬಲ್ಲಿಗೆ ಹೋದರೆ ಸೂಚಕದ ಗಾತ್ರವನ್ನು 1ರಿಂದ 15ರವರೆಗೆ ಹಿಗ್ಗಿಸಬಹುದು, ಬಣ್ಣವನ್ನೂ ಬದಲಿಸಬಹುದು. ವಿಂಡೋಸ್ 10ರಲ್ಲಿ ಇದೇ ಸೌಲಭ್ಯ ‘ಈಸ್ ಆಫ್ ಆ್ಯಕ್ಸೆಸ್’ ಎಂಬ ಹೆಸರಿನಡಿ ಇದೆ. ಆ ಆವೃತ್ತಿಗೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆಯಾದರೂ ಈ ಸೌಲಭ್ಯ ಕೆಲಸ ಮಾಡುತ್ತದೆ. ಗಾತ್ರ 3 ಅಥವಾ 4, ಬಣ್ಣ ಕಡುಹಳದಿ ಅಥವಾ ಹಸಿರು ಇಟ್ಟುಕೊಂಡರೆ ಬಿಳಿ ಹಾಳೆಯಂತಹ ಅರ್ಜಿ ನಮೂನೆಗಳ ಮೇಲೂ ಸೂಚಕ ಎದ್ದು ಕಾಣುತ್ತದೆ. ಅದಕ್ಕೂ ಹೆಚ್ಚು ದೊಡ್ಡದು ಮಾಡಿದರೆ ಕೆಳಗಿನ ಅಕ್ಷರಗಳೇ ಮುಚ್ಚಿಹೋಗುತ್ತವೆ.

ಉಳಿದ ಹೊಂದಾಣಿಕೆಗಳು ಹಳೆಯ ‘ಮೌಸ್ ಪ್ರಾಪರ್ಟೀಸ್’ ಕಿಟಕಿಯಲ್ಲಿವೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಮೌಸ್’ ಎಂಬುದನ್ನು ತೆರೆದರೆ ಅದು ಬರುತ್ತದೆ. ಅಲ್ಲಿನ ‘ಪಾಯಿಂಟರ್ ಆಪ್ಷನ್ಸ್’ ಪುಟದ ಕೊನೆಯಲ್ಲಿ, ಕಂಟ್ರೋಲ್ ಕೀಲಿ ಒತ್ತಿದಾಗ ಸೂಚಕ ಇರುವ ಜಾಗವನ್ನು ತೋರಿಸುವ ಆಯ್ಕೆಯಿದೆ. ಅದಕ್ಕೆ ಗುರುತು ಹಾಕಿದರೆ, ಕಂಟ್ರೋಲ್ ಕೀಲಿಯನ್ನು ಒಮ್ಮೆ ಒತ್ತಿ ಬಿಟ್ಟಾಗ ಸೂಚಕದ ಸುತ್ತ ವೃತ್ತಗಳು ಮೂಡಿ ಕುಗ್ಗುತ್ತವೆ. ಕಳೆದುಹೋದ ಬಾಣವನ್ನು ಹುಡುಕಲು ಇದಕ್ಕಿಂತ ಸುಲಭದ ಉಪಾಯವಿಲ್ಲ. ಇದನ್ನು ಪ್ರತಿಯೊಂದು ಕಚೇರಿಯ ಗಣಕದಲ್ಲೂ ಚಾಲೂ ಮಾಡಿಡುವುದು ಒಳಿತು.

ಅದೇ ಪುಟದಲ್ಲಿ ‘ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್’ ಎಂಬುದಿದೆ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಬಂದ ಈ ಏರ್ಪಾಡಿನಲ್ಲಿ ಕೈ ವೇಗವಾಗಿ ಸರಿದರೆ ಬಾಣ ದೂರ ಜಿಗಿಯುತ್ತದೆ, ನಿಧಾನಕ್ಕೆ ಸರಿದರೆ ಸ್ವಲ್ಪವೇ ಚಲಿಸುತ್ತದೆ. ಅರ್ಜಿ ತುಂಬುವವರಿಗೆ ಇದು ಅನುಕೂಲ. ಡಿಟಿಪಿ ಕೇಂದ್ರಗಳಲ್ಲಿ ಲಗ್ನಪತ್ರಿಕೆಯ ಅಂಚು ಎಳೆಯುವವರಿಗೆ ಮಾತ್ರ ಕೈಯ ಅಳತೆ ಬಾಣದ ಅಳತೆಗೆ ಸರಿಹೊಂದದೆ ಕಿರಿಕಿರಿಯಾಗುತ್ತದೆ. ಅವರು ತೆಗೆದುಹಾಕುವುದೇ ಲೇಸು. ‘ಸ್ನ್ಯಾಪ್ ಟು’ ಎಂಬ ಇನ್ನೊಂದು ಆಯ್ಕೆ, ಹೊಸ ಸಂವಾದ ಪೆಟ್ಟಿಗೆ ತೆರೆದೊಡನೆ ಸೂಚಕವನ್ನು ತಾನಾಗಿ ಅಲ್ಲಿನ ಮುಖ್ಯ ಗುಂಡಿಯ ಮೇಲೆ ಕೊಂಡೊಯ್ದು ನಿಲ್ಲಿಸುತ್ತದೆ. ಆ ಮುಖ್ಯ ಗುಂಡಿ ‘ಅಳಿಸಿ’ ಎಂಬುದೂ ಆಗಿರಬಹುದು. ಸಾರ್ವಜನಿಕರ ದಾಖಲೆ ಇರುವ ಕಡೆ ಇದನ್ನು ಬಳಸದಿರುವುದು ಕ್ಷೇಮ.

ಎಡಗೈ ರೂಢಿಯವರು ‘ಬಟನ್ಸ್’ ಪುಟದಲ್ಲಿ ಎಡ-ಬಲ ಗುಂಡಿಗಳನ್ನು ಅದಲು ಬದಲು ಮಾಡಿಕೊಳ್ಳಬಹುದು. ಗುಂಡಿ ಒತ್ತಿ ಹಿಡಿದು ಎಳೆಯಲು ಬೆರಳು ನೋಯುವವರಿಗೆ ‘ಕ್ಲಿಕ್‌ಲಾಕ್’ ಇದೆ.

ಕನ್ನಡದ ಅಕ್ಷರಗಳ ನಡುವೆ

ಪಠ್ಯದ ಮೇಲೆ ಬಂದಾಗ ಬಾಣವು ಇಂಗ್ಲಿಷಿನ ‘ಐ’ ಅಕ್ಷರದಂತಹ ಸಣ್ಣ ಗೀಟಾಗುತ್ತದೆ. ಒತ್ತಿದ ಜಾಗದಲ್ಲಿ ಮಿನುಗುವ ಇನ್ನೊಂದು ಗೀಟು ಬೇರೆ. ಅದು ಕರ್ಸರ್, ಅಂದರೆ ಮುಂದಿನ ಅಕ್ಷರ ಬೀಳುವ ತಾಣ. ಎರಡನ್ನೂ ಒಂದೇ ಎಂದು ತಿಳಿದವರು ಮೌಸನ್ನು ಬೇಕಾದ ಸಾಲಿಗೆ ಸರಿಸಿ, ಒತ್ತದೆಯೇ ಟೈಪು ಮಾಡಲಾರಂಭಿಸುತ್ತಾರೆ. ಅಕ್ಷರಗಳು ಮತ್ತೆಲ್ಲೋ ಹೋಗಿ ಕೂರುತ್ತವೆ.

ಕನ್ನಡದಲ್ಲಿ ಮತ್ತೊಂದು ತೊಡಕಿದೆ. ಯೂನಿಕೋಡ್ ಪಠ್ಯದಲ್ಲಿ ‘ಸ್ತ್ರೀ’ ಎಂಬ ಅಕ್ಷರದ ಮಧ್ಯದಲ್ಲಿ ಎಷ್ಟು ನಾಜೂಕಾಗಿ ಒತ್ತಿದರೂ ಕರ್ಸರ್ ಸಾಮಾನ್ಯವಾಗಿ ಅದರ ಹಿಂದೆ ಅಥವಾ ಮುಂದೆಯೇ ನಿಲ್ಲುತ್ತದೆ. ಮೌಸ್ ಕೆಟ್ಟಿದೆಯೆಂದು ಇದರ ಅರ್ಥವಲ್ಲ. ಅಕ್ಷರದ ಒತ್ತು ಅಥವಾ ಗುಣಿತ ತಿದ್ದಬೇಕಾದರೆ ಅದರ ಮುಂದೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒತ್ತಬೇಕು. ವಿಂಡೋಸ್‌ನ ಬಹುತೇಕ ತಂತ್ರಾಂಶಗಳಲ್ಲಿ ಅದು ಒಂದೊಂದೇ ಭಾಗವನ್ನು ಕಳಚುತ್ತದೆ. ಡಿಲೀಟ್ ಕೀಲಿಯಾದರೋ ಇಡೀ ಅಕ್ಷರವನ್ನೇ ನುಂಗುತ್ತದೆ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕಡತಗಳ ನಡವಳಿಕೆ ಬೇರೆ. ಅಲ್ಲಿ ಒತ್ತು, ದೀರ್ಘ, ಕೊಂಬುಗಳು ಬಿಡಿ ಚಿತ್ರಗಳಾಗಿರುವುದರಿಂದ ಕರ್ಸರ್ ಅಕ್ಷರದ ಹೊಟ್ಟೆಯೊಳಗೂ ನಿಲ್ಲಬಲ್ಲದು. ಅಲ್ಲಿ ಅಕಸ್ಮಾತ್ ಒಂದು ಕೀಲಿ ತಗುಲಿದರೆ ಹೆಸರು ಕೆಡುತ್ತದೆ. ಖಾತೆದಾರನ ಹೆಸರಿನಲ್ಲಿ ಒಂದು ಒತ್ತು ಹೆಚ್ಚುಕಡಿಮೆಯಾದರೆ ತಿದ್ದುಪಡಿಗೆ ಎಷ್ಟು ಸಲ ಅಲೆಯಬೇಕೆಂಬುದು ಇಲ್ಲಿನ ರೈತರಿಗೆ ತಿಳಿಯದ ಸಂಗತಿಯಲ್ಲ.

ಧೂಳು, ಗಾಜು, ಅರ್ಥಿಂಗ್

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಎರೆಭೂಮಿಯ ಧೂಳು, ಹತ್ತಿಯ ಹಂಗಾಮಿನಲ್ಲಿ ಗಾಳಿಯಲ್ಲಿ ತೇಲುವ ನವಿರಾದ ಎಳೆ ಇವು ಈ ಸೀಮೆಯ ಮೌಸುಗಳ ಆಯುಷ್ಯವನ್ನು ನಿರ್ಧರಿಸುತ್ತವೆ. ಉರುಳುವ ಗುಂಡಿನ ಹಳೆಯ ಮೌಸುಗಳಿದ್ದಾಗ ಗುಂಡು ತೆಗೆದು ಒಳಗಿನ ಉರುಳೆಗಳಿಗೆ ಅಂಟಿದ ಕೊಳೆಯನ್ನು ಉಗುರಿನಿಂದ ಕೆರೆಯುವುದೇ ಒಂದು ವಾರದ ಕೆಲಸವಾಗಿತ್ತು. ಈಗಿನ ಬೆಳಕಿನ ಮೌಸು ತಳದ ಮೇಲ್ಮೈಯ ಚಿತ್ರಗಳನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ತೆಗೆದು, ಒಂದಕ್ಕೊಂದು ಹೋಲಿಸಿ ಚಲನೆಯನ್ನು ಅಳೆಯುತ್ತದೆ. ಆದ್ದರಿಂದ ಅದಕ್ಕೆ ಬೇಕಾದುದು ಕಣ್ಣಿಗೆ ಕಾಣುವ ನೇಯ್ಗೆಯುಳ್ಳ ಮೇಲ್ಮೈ.

ಸರ್ಕಾರಿ ಕಚೇರಿಗಳ ಮೇಜಿನ ಮೇಲೆ ಗಾಜು ಹಾಸಿ, ಅದರಡಿಯಲ್ಲಿ ದೂರವಾಣಿ ಸಂಖ್ಯೆಗಳ ಪಟ್ಟಿ, ದೇವರ ಪಟ, ರಜಾದಿನಗಳ ಯಾದಿ ಇಡುವ ರೂಢಿಯಿದೆ. ಆ ಗಾಜಿನ ಮೇಲೆ ಮೌಸ್ ಸರಿಸಿದರೆ ಸೂಚಕ ನಿಂತಲ್ಲೇ ನಿಲ್ಲುತ್ತದೆ, ಇಲ್ಲವೇ ಜಿಗಿಯುತ್ತದೆ. ಮೌಸ್ ಪ್ಯಾಡ್ ಇಲ್ಲದಿದ್ದರೆ ಮಡಚಿದ ದಿನಪತ್ರಿಕೆಯ ಪುಟವೋ ಒರಟು ರಟ್ಟೋ ಸಾಕು. ಹೊಳೆಯುವ ಕ್ಯಾಲೆಂಡರ್ ಹಾಳೆ ಬೇಡ. ಆಮೇಲೂ ಬಾಣ ನಡುಗುತ್ತಿದ್ದರೆ ಮೌಸನ್ನು ಬೋರಲು ಮಾಡಿ, ಬೆಳಕು ಬರುವ ರಂಧ್ರದಲ್ಲಿ ಹತ್ತಿಯ ಎಳೆಯೋ ಕೂದಲೋ ಸಿಕ್ಕಿದೆಯೇ ನೋಡಬೇಕು. ಒಂದೇ ಒಂದು ಎಳೆ ಸಾಕು, ಬಾಣ ತಾನಾಗಿ ಅಲೆಯುತ್ತದೆ.

ಲ್ಯಾಪ್‌ಟಾಪ್‌ಗಳಲ್ಲಿ ಕಾಣುವ ಒಂದು ವಿಚಿತ್ರ ದೋಷ ಹಲವರನ್ನು ರಿಪೇರಿ ಅಂಗಡಿಗೆ ಅಲೆಸಿದೆ. ಚಾರ್ಜರ್ ಹಚ್ಚಿದಾಗ ಮಾತ್ರ ಟಚ್‌ಪ್ಯಾಡಿನ ಸೂಚಕ ಹುಚ್ಚೆದ್ದು ಕುಣಿಯುತ್ತದೆ. ಚಾರ್ಜರ್ ಕಿತ್ತರೆ ಸ್ವಸ್ಥ. ಇಂಥ ಕಡೆ ದೋಷ ಹೆಚ್ಚಾಗಿ ಟಚ್‌ಪ್ಯಾಡಿನದಲ್ಲ, ಮನೆಯ ವೈರಿಂಗಿನದು ಅಥವಾ ಚಾರ್ಜರಿನದು. ಟಚ್‌ಪ್ಯಾಡು ಬೆರಳಿನ ಅತ್ಯಲ್ಪ ವಿದ್ಯುತ್ ಪ್ರಭಾವವನ್ನು ಗುರುತಿಸಿ ಕೆಲಸ ಮಾಡುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಚಾರ್ಜರಿನಿಂದ ಸೋರುವ ಅಲ್ಪ ವಿದ್ಯುತ್ತು ಆ ಎಣಿಕೆಯನ್ನು ಕೆಡಿಸುತ್ತದೆ. ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದಾಗ ಜುಮ್ಮೆನ್ನುವುದೂ ಅದೇ ಕಾರಣದಿಂದ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿದಾಗ ತೊಂದರೆ ಹೆಚ್ಚುವುದುಂಟು. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿದು ಎರಡು ರಂಧ್ರದ ಸಾಕೆಟ್ಟಿಗೆ ತುರುಕುವ ಅಭ್ಯಾಸವಂತೂ ಅಪಾಯಕಾರಿ. ಅರ್ಥಿಂಗನ್ನು ಬಲ್ಲ ಎಲೆಕ್ಟ್ರಿಶಿಯನ್‌ರಿಂದ ಪರೀಕ್ಷಿಸಬೇಕು. ಅಲ್ಲಿಯವರೆಗೆ ಬ್ಯಾಟರಿಯ ಮೇಲೆ ಕೆಲಸ ಮಾಡುವುದು ತಕ್ಷಣದ ಉಪಾಯ.

ನಿಸ್ತಂತು ಮೌಸು ತಡೆತಡೆದು ಚಲಿಸಿದರೆ ಮೊದಲು ಸೆಲ್ ಬದಲಿಸಬೇಕು. ನಂತರ ಅದರ ಗ್ರಾಹಕವನ್ನು ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಯಿಂದ ದೂರದ ಕಿಂಡಿಗೆ ಬದಲಾಯಿಸಬೇಕು. ಆ ಕಿಂಡಿಗಳಲ್ಲಿ ದತ್ತಾಂಶ ಹರಿಯುವಾಗ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡಿಯಾಗುತ್ತದೆ.

ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗುವುದು ಗುಂಡಿಯ ಕೆಳಗಿನ ಸಣ್ಣ ಸ್ವಿಚ್ಚಿನ ತಗಡು ಸವೆದಿರುವ ಲಕ್ಷಣ. ಇದನ್ನು ಕಡೆಗಣಿಸಬಾರದು, ‘ಸಲ್ಲಿಸಿ’ ಗುಂಡಿ ಎರಡು ಬಾರಿ ಒತ್ತಿದಂತಾದರೆ ಅರ್ಜಿಯೂ ಶುಲ್ಕವೂ ಎರಡೆರಡು ಸಲ ಹೋಗುವ ಸಂಭವವಿದೆ. ‘ಬಟನ್ಸ್’ ಪುಟದಲ್ಲಿ ಕಾಣುವ ಫೋಲ್ಡರಿನ ಚಿತ್ರದ ಮೇಲೆ ನಿಧಾನವಾಗಿ ಒಂದೊಂದೇ ಸಲ ಒತ್ತಿ ನೋಡಬಹುದು. ಒಂದೇ ಒತ್ತಿಗೆ ಫೋಲ್ಡರ್ ತೆರೆದುಕೊಂಡರೆ ಮೌಸ್ ಬದಲಿಸುವ ಕಾಲ ಬಂದಿದೆ.

ಸೂಚಕವೇ ಕಾಣದಾದಾಗ

ಶಾಲೆಗಳಲ್ಲಿ ಪ್ರೊಜೆಕ್ಟರ್ ಜೋಡಿಸಿದ ಗಣಕದಲ್ಲಿ ಬಾಣ ಮಾಯವಾದರೆ, ಅದು ಎರಡನೆಯ ತೆರೆಗೆ ದಾಟಿರುವ ಸಾಧ್ಯತೆಯೇ ಹೆಚ್ಚು. ವಿಂಡೋಸ್ ಕೀಲಿಯೊಂದಿಗೆ ‘ಪಿ’ ಒತ್ತಿ ‘ಡೂಪ್ಲಿಕೇಟ್’ ಆಯ್ದರೆ ಎರಡೂ ಕಡೆ ಒಂದೇ ಚಿತ್ರ ಬರುತ್ತದೆ. ಲ್ಯಾಪ್‌ಟಾಪಿನಲ್ಲಾದರೆ ಟಚ್‌ಪ್ಯಾಡ್ ಆರಿಸುವ ಕೀಲಿ ಅರಿವಿಲ್ಲದೆ ಒತ್ತಿರಬಹುದು. ಮೇಲಿನ ಸಾಲಿನ ಕೀಲಿಗಳಲ್ಲಿ ಟಚ್‌ಪ್ಯಾಡಿನ ಚಿತ್ರವಿರುವುದನ್ನು ಎಫ್‌ಎನ್ ಕೀಲಿಯೊಂದಿಗೆ ಒತ್ತಿ ನೋಡಬೇಕು. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ‘ಬಿ’ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆ ಒಂದು ಕ್ಷಣ ಕಪ್ಪಾಗಿ, ಚಿತ್ರ ಮೂಡಿಸುವ ಚಾಲಕ ತಂತ್ರಾಂಶ ಹೊಸದಾಗಿ ಆರಂಭವಾಗುತ್ತದೆ. ತೆರೆದ ಕೆಲಸ ಇದರಿಂದ ಸಾಮಾನ್ಯವಾಗಿ ನಷ್ಟವಾಗದು.

ದುಂಡನೆಯ ಹಸಿರು ಕಿಂಡಿಗೆ ಸೇರುವ ಹಳೆಯ ಮೌಸುಗಳನ್ನು ಗಣಕ ಆರಿಸಿದ ನಂತರವೇ ಜೋಡಿಸಬೇಕು.

ಮೌಸ್ ಸಂಪೂರ್ಣ ಕೈಕೊಟ್ಟರೂ ಕೆಲಸ ನಿಲ್ಲಬೇಕಾಗಿಲ್ಲ. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್ ಹಾಗೂ ನಮ್‌ಲಾಕ್ ಒಟ್ಟಿಗೆ ಒತ್ತಿದರೆ ‘ಮೌಸ್ ಕೀಸ್’ ಬಗ್ಗೆ ಗಣಕ ಕೇಳುತ್ತದೆ. ಎಂಟರ್ ಒತ್ತಿ ಒಪ್ಪಿದರೆ ಬಲಗಡೆಯ ಅಂಕಿಗಳೇ ಬಾಣವನ್ನು ನಡೆಸುತ್ತವೆ. 8 ಮೇಲಕ್ಕೆ, 2 ಕೆಳಕ್ಕೆ, 4 ಎಡಕ್ಕೆ, 6 ಬಲಕ್ಕೆ. 5 ಒತ್ತಿದರೆ ಕ್ಲಿಕ್, ಕೂಡು ಚಿಹ್ನೆ ಒತ್ತಿದರೆ ಡಬಲ್ ಕ್ಲಿಕ್. ಕನಿಷ್ಠ ಕೈಯಲ್ಲಿರುವ ಅರ್ಜಿಯನ್ನು ಉಳಿಸಿ, ಗಣಕವನ್ನು ಸರಿಯಾಗಿ ಮುಚ್ಚಲು ಇಷ್ಟು ಸಾಕು.

ಅಂದದ ಬಾಣಗಳ ಆಮಿಷ

ಸೂಚಕದ ಚಿತ್ರಗಳು ಎರಡು ಬಗೆಯ ಕಡತಗಳಲ್ಲಿರುತ್ತವೆ: ‘ಕರ್’ ಎಂಬ ಬಾಲವುಳ್ಳವು ಸ್ಥಿರ ಚಿತ್ರಗಳು, ‘ಆನಿ’ ಬಾಲದವು ಚಲಿಸುವ ಚಿತ್ರಗಳು. ‘ಪಾಯಿಂಟರ್ಸ್’ ಪುಟದ ‘ಬ್ರೌಸ್’ ಗುಂಡಿಯಿಂದ ಇವನ್ನು ಅಳವಡಿಸಬಹುದು. ಇಂಟರ್‌ನೆಟ್‌ನಲ್ಲಿ ಚಿಟ್ಟೆ, ನಕ್ಷತ್ರ, ಸಿನಿಮಾ ನಟರ ಮುಖ ಎಂದು ಉಚಿತವಾಗಿ ಸಿಗುವವುಗಳ ಬಗ್ಗೆ ಎಚ್ಚರವಿರಬೇಕು. 1990ರ ದಶಕದ ಕೊನೆಯಲ್ಲಿ ‘ಕಾಮೆಟ್ ಕರ್ಸರ್’ ಎಂಬ ಉಚಿತ ತಂತ್ರಾಂಶ, ಬಳಕೆದಾರರು ಭೇಟಿ ನೀಡಿದ ತಾಣಗಳ ಜಾಡು ಹಿಡಿಯುತ್ತದೆಂಬ ಆಕ್ಷೇಪಕ್ಕೆ ಗುರಿಯಾಗಿತ್ತು. ಚಲಿಸುವ ಸೂಚಕದ ಕಡತದಲ್ಲಿ ದುಷ್ಟ ಸಂಕೇತವನ್ನು ಅಡಗಿಸಿ ಗಣಕವನ್ನೇ ವಶಪಡಿಸಿಕೊಳ್ಳಬಹುದಾದ ದೋಷವೊಂದು ವಿಂಡೋಸ್‌ನಲ್ಲಿ ಪತ್ತೆಯಾಗಿ, ಮೈಕ್ರೋಸಾಫ್ಟ್ 2007ರ ಏಪ್ರಿಲ್ 3ರಂದು ತನ್ನ ಮಾಮೂಲಿ ವೇಳಾಪಟ್ಟಿಗೂ ಮೊದಲೇ ತೇಪೆಯನ್ನು ಬಿಡುಗಡೆ ಮಾಡಬೇಕಾಯಿತು. ವ್ಯವಸ್ಥೆಯಲ್ಲೇ ಇರುವ ಚಿತ್ರಗಳು ನಾಲ್ಕಾರು ಬಗೆಯವಿವೆ. ಕಚೇರಿಗೆ ಅವು ಧಾರಾಳ.

ಬಾಣ ತಾನಾಗಿ ಚಲಿಸುವುದರಲ್ಲಿ ಎರಡು ಬಗೆಯುಂಟು. ಗೊತ್ತುಗುರಿಯಿಲ್ಲದೆ ನಡುಗುವುದು, ಜಾರುವುದು ಧೂಳಿನ ಅಥವಾ ವಿದ್ಯುತ್ತಿನ ದೋಷ. ಆದರೆ ಯಾರೋ ಕೈಹಿಡಿದು ನಡೆಸಿದಂತೆ ಬಾಣ ನೇರವಾಗಿ ಹೋಗಿ ಬ್ಯಾಂಕಿನ ಪುಟ ತೆರೆಯುವುದು, ಕಡತ ಹುಡುಕುವುದು ಕಂಡುಬಂದರೆ ದೂರದಿಂದ ಬೇರೊಬ್ಬರು ಗಣಕವನ್ನು ನಡೆಸುತ್ತಿದ್ದಾರೆಂದೇ ತಿಳಿಯಬೇಕು. ಬ್ಯಾಂಕಿನವರೆಂದೋ ದುರಸ್ತಿಯವರೆಂದೋ ಕರೆ ಮಾಡಿ, ದೂರನಿಯಂತ್ರಣದ ತಂತ್ರಾಂಶವನ್ನು ಹಾಕಿಸುವ ವಂಚಕರ ಕ್ರಮವೇ ಇದು. ಅಂತಹ ಹೊತ್ತಿನಲ್ಲಿ ಬಾಣದೊಂದಿಗೆ ಗುದ್ದಾಡುತ್ತ ಕೂರಬಾರದು. ಮೊದಲು ಇಂಟರ್‌ನೆಟ್ ತಂತಿಯನ್ನು ಕೀಳಬೇಕು ಅಥವಾ ವೈಫೈ ಪೆಟ್ಟಿಗೆಯನ್ನು ಆರಿಸಬೇಕು. ಬಳಿಕ ಬೇರೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಯನ್ನು ತಡೆಹಿಡಿಸಬೇಕು. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಬೇಕು. ಆ ಗಣಕದಿಂದ ಬಳಸಿದ ಗುಪ್ತಪದಗಳನ್ನೆಲ್ಲ ಬೇರೆ ಗಣಕದಿಂದ ಬದಲಿಸಿದ ಮೇಲೆಯೇ ಅದನ್ನು ದುರಸ್ತಿಗೆ ಒಯ್ಯತಕ್ಕದ್ದು.