ಅಮೆರಿಕದ ರಾಜ್ಯಗಳಲ್ಲಿ ಕಡ್ಡಾಯ ಕಾರು ವಿಮೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಾರು ಇಟ್ಟುಕೊಂಡವರು ಎಷ್ಟು ಮೊತ್ತದ, ಯಾವ ಬಗೆಯ ವಿಮೆ ಮಾಡಿಸಿರಬೇಕು ಎಂಬುದನ್ನು ಆಯಾ ರಾಜ್ಯದ ಕಾನೂನು ಗೊತ್ತುಪಡಿಸುತ್ತದೆ. ಇಡೀ ದೇಶಕ್ಕೆ ಅನ್ವಯಿಸುವ ಕೇಂದ್ರ ಕಾಯ್ದೆ ಇಲ್ಲ. 50 ರಾಜ್ಯಗಳ ಪೈಕಿ ನ್ಯೂ ಹ್ಯಾಂಪ್‌ಷೈರ್ ಒಂದನ್ನು ಬಿಟ್ಟರೆ ಉಳಿದ ಕಡೆಯೆಲ್ಲ ವಿಮೆ, ಅಥವಾ ಅದರ ಬದಲಿಗೆ ಆ ರಾಜ್ಯ ಒಪ್ಪುವ ಠೇವಣಿ ಇಲ್ಲವೇ ಬಾಂಡು ಕಡ್ಡಾಯ. ಈ ವಿಮೆಯ ತಿರುಳು ಹೊಣೆಗಾರಿಕೆ ವಿಮೆ, ಅಂದರೆ ನಮ್ಮಲ್ಲಿ ಥರ್ಡ್ ಪಾರ್ಟಿ ಎಂದು ಕರೆಯುವಂಥದ್ದು. ಚಾಲಕನ ತಪ್ಪಿನಿಂದ ಇನ್ನೊಬ್ಬರಿಗೆ ಆದ ಗಾಯ ಮತ್ತು ಆಸ್ತಿ ನಷ್ಟವನ್ನು ಅದು ತುಂಬಿಕೊಡುತ್ತದೆ. ಗಾಯಾಳುವಿಗೆ ಸಾಲುವಷ್ಟು ಪರಿಹಾರ ಸಿಗಬೇಕು, ಬಡ ಚಾಲಕನ ಕೈಗೆ ಎಟುಕುವಷ್ಟು ಕಂತು ಇರಬೇಕು ಎಂಬ ಎರಡು ಬೇಡಿಕೆಗಳ ನಡುವಿನ ಎಳೆದಾಟವೇ ಇದರ ಸುಮಾರು ನೂರು ವರ್ಷದ ಇತಿಹಾಸ.

ಅಧಿಕಾರ ರಾಜ್ಯಗಳಿಗೆ ಬಂದ ಬಗೆ

ವಿಮೆ ರಾಜ್ಯಗಳ ವಿಷಯವಾದದ್ದು ಕಾರು ಹುಟ್ಟುವ ಮೊದಲೇ. 1869ರಲ್ಲಿ ಪಾಲ್ ವಿರುದ್ಧ ವರ್ಜೀನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿಮಾ ಪಾಲಿಸಿಯ ಮಾರಾಟ ಅಂತರರಾಜ್ಯ ವಾಣಿಜ್ಯವಲ್ಲ ಎಂದು ತೀರ್ಪಿತ್ತಿತು. ಹೀಗಾಗಿ ವಿಮೆಯ ಮೇಲ್ವಿಚಾರಣೆ ರಾಜ್ಯಗಳ ಪಾಲಾಯಿತು. 1944ರಲ್ಲಿ ಅದೇ ನ್ಯಾಯಾಲಯ ಸೌತ್ ಈಸ್ಟರ್ನ್ ಅಂಡರ್‌ರೈಟರ್ಸ್ ಪ್ರಕರಣದಲ್ಲಿ ತನ್ನ ನಿಲುವು ಬದಲಿಸಿ, ವಿಮೆಯೂ ವಾಣಿಜ್ಯವೇ, ಕೇಂದ್ರದ ಏಕಸ್ವಾಮ್ಯ ವಿರೋಧಿ ಕಾನೂನು ಅದಕ್ಕೂ ಅನ್ವಯಿಸುತ್ತದೆ ಎಂದಿತು. ಮರುವರ್ಷವೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮೆಕ್ಯಾರನ್-ಫರ್ಗುಸನ್ ಕಾಯ್ದೆ ಮಾಡಿ, ವಿಮೆಯ ನಿಯಂತ್ರಣ ರಾಜ್ಯಗಳಲ್ಲೇ ಉಳಿಯುವಂತೆ ನೋಡಿಕೊಂಡಿತು. ಇಂದಿಗೂ ಒಂದೊಂದು ರಾಜ್ಯಕ್ಕೂ ಒಂದೊಂದು ವಿಮಾ ಇಲಾಖೆ, ಒಬ್ಬೊಬ್ಬ ವಿಮಾ ಆಯುಕ್ತ ಇರುವುದು ಈ ಕಾರಣಕ್ಕೆ. 1970ರ ದಶಕದಲ್ಲಿ ಕಾರು ವಿಮೆಗೆ ರಾಷ್ಟ್ರಮಟ್ಟದ ಕಾನೂನು ತರುವ ಪ್ರಯತ್ನ ನಡೆಯಿತಾದರೂ ಕಾಂಗ್ರೆಸ್ಸಿನಲ್ಲಿ ಅಂಗೀಕಾರವಾಗಲಿಲ್ಲ.

ಮೊದಲ ಪಾಲಿಸಿಗಳು

ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ನೆಲೆಯೂರಿದ್ದ ಟ್ರಾವೆಲರ್ಸ್ ಕಂಪನಿ 1890ರ ದಶಕದ ಕೊನೆಯಲ್ಲಿ ಮೊದಲ ಮೋಟಾರು ಪಾಲಿಸಿಗಳನ್ನು ಮಾರಿತು. ಕುದುರೆಗಾಡಿಗಳಿಗೆಂದು ಬರೆದಿದ್ದ ಒಪ್ಪಂದವನ್ನೇ ಕಾರಿಗೂ ಒಗ್ಗಿಸಲಾಗಿತ್ತು. ಆಗ ಕಾರು ಸಿರಿವಂತರ ಸೊತ್ತು. 1900ರಲ್ಲಿ ಇಡೀ ದೇಶದಲ್ಲಿ ಇದ್ದವು ಸುಮಾರು 8 ಸಾವಿರ. 1908ರಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಬಂದ ಮೇಲೆ ಲೆಕ್ಕ ಬದಲಾಯಿತು. 1920ರ ದಶಕ ಮುಗಿಯುವ ಹೊತ್ತಿಗೆ ಕಾರುಗಳ ಸಂಖ್ಯೆ 2 ಕೋಟಿ ದಾಟಿತ್ತು.

ಕಾರಿನ ಜೊತೆ ಅಪಘಾತವೂ ಹೆಚ್ಚಿತು. ಕೋರ್ಟು ಗಾಯಾಳುವಿನ ಪರ ತೀರ್ಪು ಕೊಟ್ಟರೂ ವಿಮೆಯಿಲ್ಲದ ಚಾಲಕನಿಂದ ಹಣ ವಸೂಲಾಗುತ್ತಿರಲಿಲ್ಲ. ಸತ್ತವರ ಹೆಂಡತಿ ಮಕ್ಕಳು, ಕೈಕಾಲು ಕಳೆದುಕೊಂಡ ಕೂಲಿಕಾರರು ಬರಿಗೈಯಲ್ಲಿ ಮನೆಗೆ ಮರಳುತ್ತಿದ್ದರು. ರಾಜ್ಯಗಳು ಕಾನೂನು ಮಾಡಲು ಮುಂದಾದದ್ದು ಈ ಹಿನ್ನೆಲೆಯಲ್ಲಿ.

1925: ಎರಡು ದಾರಿಗಳು

ನ್ಯೂ ಇಂಗ್ಲೆಂಡಿನ ಎರಡು ನೆರೆ ರಾಜ್ಯಗಳು 1925ರಲ್ಲಿ ಎರಡು ಬಗೆಯ ಉತ್ತರ ಕಂಡುಕೊಂಡವು. ಕನೆಕ್ಟಿಕಟ್ ಆರ್ಥಿಕ ಹೊಣೆಗಾರಿಕೆ ಕಾನೂನು ಮಾಡಿತು. ಅದರಂತೆ ಮೊದಲೇ ವಿಮೆ ಮಾಡಿಸಬೇಕಾಗಿರಲಿಲ್ಲ. ಅಪಘಾತವಾದ ಮೇಲೆ, ಮುಂದೆ ಇಂಥದ್ದು ನಡೆದರೆ ಪರಿಹಾರ ಕೊಡುವ ಶಕ್ತಿ ತನಗಿದೆ ಎಂದು ಚಾಲಕ ಸಾಬೀತುಪಡಿಸಬೇಕಿತ್ತು. ಮೊದಲ ಅಪಘಾತಕ್ಕೆ ಸಿಕ್ಕಿದವರಿಗೆ ಇದರಿಂದ ಪ್ರಯೋಜನವಾಗುತ್ತಿರಲಿಲ್ಲ ಎಂಬುದೇ ಅದರ ದೊಡ್ಡ ಕೊರತೆ.

ಮ್ಯಾಸಚೂಸೆಟ್ಸ್ ನೇರ ದಾರಿ ಹಿಡಿಯಿತು. 1927ರ ಜನವರಿ 1ರಿಂದ ವಿಮೆಯ ಪ್ರಮಾಣಪತ್ರ ತೋರಿಸದೆ ಅಲ್ಲಿ ಕಾರು ನೋಂದಣಿ ಆಗುತ್ತಿರಲಿಲ್ಲ. ಒಬ್ಬ ಗಾಯಾಳುವಿಗೆ 5,000 ಡಾಲರು, ಒಂದು ಅಪಘಾತಕ್ಕೆ ಒಟ್ಟು 10,000 ಡಾಲರು ಕನಿಷ್ಠ ಮಿತಿ. ಆಸ್ತಿ ನಷ್ಟ ಅದರಲ್ಲಿ ಸೇರಿರಲಿಲ್ಲ. ಕಂತಿನ ದರವನ್ನು ರಾಜ್ಯದ ಆಯುಕ್ತರೇ ಗೊತ್ತುಮಾಡುತ್ತಿದ್ದರು. ಊರಿಗೊಂದು ದರ ಇದ್ದುದರಿಂದ, ಬಾಸ್ಟನ್ ನಗರದವರು ಅಗ್ಗದ ಊರಿನ ವಿಳಾಸ ಕೊಟ್ಟು ಕಾರು ನೋಂದಾಯಿಸುವ ಚಾಳಿಯೂ ಬೇಗನೆ ಶುರುವಾಯಿತು.

ವಿಮಾ ಕಂಪನಿಗಳು ಕಡ್ಡಾಯ ವಿಮೆಯನ್ನು ವಿರೋಧಿಸಿದವು. ಎಲ್ಲರಿಗೂ ಪಾಲಿಸಿ ಕೊಡಲೇಬೇಕಾದರೆ ಅಜಾಗರೂಕ ಚಾಲಕರನ್ನೂ ಒಪ್ಪಿಕೊಳ್ಳಬೇಕಾಗುತ್ತದೆ, ದರ ರಾಜಕಾರಣಿಗಳ ಕೈಗೆ ಹೋಗುತ್ತದೆ ಎಂಬುದು ಅವುಗಳ ಆತಂಕ. ಹೀಗಾಗಿ ಮೂವತ್ತು ವರ್ಷ ಮ್ಯಾಸಚೂಸೆಟ್ಸ್ ಒಂಟಿಯಾಗಿಯೇ ಉಳಿಯಿತು. 1957ರಲ್ಲಿ ನ್ಯೂಯಾರ್ಕ್, 1958ರಲ್ಲಿ ನಾರ್ತ್ ಕ್ಯಾರೊಲಿನ ಕಡ್ಡಾಯ ವಿಮೆ ಜಾರಿಗೆ ತಂದವು. ಉಳಿದ ರಾಜ್ಯಗಳಲ್ಲಿ ಹೆಚ್ಚಿನವು 1970ರ ನಂತರ ಈ ದಾರಿಗೆ ಬಂದವು. ವಿಸ್ಕಾನ್ಸಿನ್ ಸೇರಿದ್ದು 2010ರಲ್ಲಿ. ವಿಮೆ ಬೇಡವೆಂದರೆ ವರ್ಷಕ್ಕೆ 500 ಡಾಲರು ಶುಲ್ಕ ಕಟ್ಟಿ ಕಾರು ಓಡಿಸುವ ಅವಕಾಶ ವರ್ಜೀನಿಯದಲ್ಲಿ 2024ರ ಜೂನ್ ಕೊನೆಯವರೆಗೂ ಇತ್ತು. ಆ ಶುಲ್ಕ ಕಟ್ಟಿದರೆ ವಿಮೆಯ ರಕ್ಷಣೆಯೇನೂ ಸಿಗುತ್ತಿರಲಿಲ್ಲ.

ಜಾರ್ಜಿಯದ ಪಾದ್ರಿಯ ಪ್ರಕರಣ

ಆರ್ಥಿಕ ಹೊಣೆಗಾರಿಕೆ ಕಾನೂನುಗಳು ಹೇಗೆ ಎಡವುತ್ತಿದ್ದವು ಎಂಬುದಕ್ಕೆ 1971ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಬೆಲ್ ವಿರುದ್ಧ ಬರ್ಸನ್ ಪ್ರಕರಣ ಒಳ್ಳೆಯ ನಿದರ್ಶನ. ಅರ್ಜಿದಾರರು ಜಾರ್ಜಿಯ ರಾಜ್ಯದ ಒಬ್ಬ ಪಾದ್ರಿ. ಮೂರು ಹಳ್ಳಿ ಸಮುದಾಯಗಳಿಗೆ ಕಾರಿನಲ್ಲಿ ಹೋಗಿ ಧರ್ಮಸೇವೆ ನಡೆಸುತ್ತಿದ್ದರು. ವಿಮೆ ಇರಲಿಲ್ಲ. 1968ರ ನವೆಂಬರಿನಲ್ಲಿ ಐದು ವರ್ಷದ ಹುಡುಗಿಯೊಬ್ಬಳು ಸೈಕಲ್ಲಿನಲ್ಲಿ ಬಂದು ಅವರ ಕಾರಿನ ಪಕ್ಕಕ್ಕೆ ಗುದ್ದಿದಳು. ಮನೆಯವರು 5,000 ಡಾಲರು ಪರಿಹಾರ ಕೇಳಿದರು. ಅಷ್ಟು ಹಣವನ್ನು ಭದ್ರತೆಯಾಗಿ ಇಡಬೇಕು, ಇಲ್ಲವಾದರೆ ಲೈಸೆನ್ಸ್ ಅಮಾನತು ಎಂದು ರಾಜ್ಯ ಹೇಳಿತು. ತಪ್ಪು ಯಾರದು ಎಂದು ಕೇಳಲು ಕಾನೂನಿನಲ್ಲಿ ಜಾಗವೇ ಇರಲಿಲ್ಲ.

ಲೈಸೆನ್ಸ್ ಹಲವರ ಹೊಟ್ಟೆಪಾಡಿಗೆ ಬೇಕಾದದ್ದು, ಹೊಣೆಯ ಸಾಧ್ಯತೆ ಇದೆಯೇ ಎಂದು ವಿಚಾರಣೆ ನಡೆಸದೆ ಅದನ್ನು ಕಿತ್ತುಕೊಳ್ಳುವಂತಿಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. ಅಪಘಾತದ ನಂತರ ಹಣ ಕೇಳುವ ಪದ್ಧತಿ ಗಾಯಾಳುವಿಗೂ ಭದ್ರವಲ್ಲ, ಚಾಲಕನಿಗೂ ನ್ಯಾಯವಲ್ಲ ಎಂಬುದು ಈ ಪ್ರಕರಣದಲ್ಲಿ ಎದ್ದು ಕಂಡಿತು.

ನೋ-ಫಾಲ್ಟ್ ಪದ್ಧತಿ

ತಪ್ಪು ಯಾರದೆಂದು ತೀರ್ಮಾನಿಸಲು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಗಿದ್ದುದೇ ಇನ್ನೊಂದು ತೊಡಕು. ಅಪಘಾತ ಪರಿಹಾರವನ್ನು ಕಾರ್ಖಾನೆ ಕಾರ್ಮಿಕರ ಪರಿಹಾರದ ಮಾದರಿಯಲ್ಲಿ ಕೊಡಬಹುದೆಂದು ಕೊಲಂಬಿಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ ನಡೆದ ಅಧ್ಯಯನವೊಂದು 1932ರಲ್ಲೇ ಸೂಚಿಸಿತ್ತು. 1965ರಲ್ಲಿ ಕಾನೂನು ಪ್ರಾಧ್ಯಾಪಕರಾದ ರಾಬರ್ಟ್ ಕೀಟನ್ ಮತ್ತು ಜೆಫ್ರಿ ಒ'ಕಾನೆಲ್ ಈ ವಿಚಾರಕ್ಕೆ ಪೂರ್ಣ ಯೋಜನೆಯ ರೂಪ ಕೊಟ್ಟರು. ಸಣ್ಣಪುಟ್ಟ ಗಾಯಗಳಿಗೆ ಅವರವರ ವಿಮಾ ಕಂಪನಿಯೇ ಚಿಕಿತ್ಸೆಯ ಖರ್ಚು ಮತ್ತು ಕಳೆದುಹೋದ ಸಂಬಳ ಕೊಡಬೇಕು, ಗಾಯ ಗಂಭೀರವಾಗಿದ್ದರೆ ಮಾತ್ರ ದಾವೆ ಹೂಡಬೇಕು ಎಂಬುದು ಅದರ ಸಾರ. ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುವ ಈ ಪದ್ಧತಿಗೇ ನೋ-ಫಾಲ್ಟ್ ಎಂದು ಹೆಸರು.

1971ರ ಜನವರಿ 1ರಂದು ಮ್ಯಾಸಚೂಸೆಟ್ಸ್ ಇದನ್ನು ಜಾರಿಗೆ ತಂದಿತು. ಫ್ಲಾರಿಡ, ನ್ಯೂಜೆರ್ಸಿ, ಮಿಷಿಗನ್, ನ್ಯೂಯಾರ್ಕ್ ಮುಂತಾದವು ಹಿಂಬಾಲಿಸಿದವು. ಮಿಷಿಗನ್ ಎಲ್ಲರಿಗಿಂತ ಮುಂದೆ ಹೋಗಿ, ಅಪಘಾತದ ಗಾಯಾಳುವಿಗೆ ಜೀವಮಾನವಿಡೀ ಮಿತಿಯಿಲ್ಲದ ಚಿಕಿತ್ಸೆ ಒದಗಿಸಿತು. ಅದರ ಬೆನ್ನಿಗೇ ದೇಶದಲ್ಲೇ ಅತಿ ದುಬಾರಿ ಎನ್ನುವಂಥ ಕಂತಿನ ಹೊರೆಯೂ ಬಂತು. 2019ರಲ್ಲಿ ಕಾನೂನು ತಿದ್ದಿ, 2020ರ ಜುಲೈನಿಂದ ಕಡಿಮೆ ಮಿತಿ ಆರಿಸಿಕೊಳ್ಳಲು ಅವಕಾಶ ಕೊಡಲಾಯಿತು. ಕೊಲರಾಡೊ 2003ರಲ್ಲೇ ಈ ಪದ್ಧತಿ ಕೈಬಿಟ್ಟಿತ್ತು. ಈಗ ಹನ್ನೆರಡು ರಾಜ್ಯಗಳಲ್ಲಿ ನೋ-ಫಾಲ್ಟ್ ಒಂದಲ್ಲ ಒಂದು ರೂಪದಲ್ಲಿ ಉಳಿದಿದೆ.

ಮೂರು ಅಂಕಿಗಳ ಲೆಕ್ಕ

ರಾಜ್ಯಗಳ ಕನಿಷ್ಠ ಮಿತಿಯನ್ನು ಸಾಮಾನ್ಯವಾಗಿ ಮೂರು ಅಂಕಿಗಳಲ್ಲಿ ಬರೆಯುತ್ತಾರೆ. 30/60/25 ಎಂದರೆ ಒಬ್ಬ ಗಾಯಾಳುವಿಗೆ ಹೆಚ್ಚೆಂದರೆ 30 ಸಾವಿರ ಡಾಲರು, ಒಂದು ಅಪಘಾತದ ಎಲ್ಲ ಗಾಯಾಳುಗಳಿಗೂ ಸೇರಿ 60 ಸಾವಿರ, ಆಸ್ತಿ ನಷ್ಟಕ್ಕೆ 25 ಸಾವಿರ. ಇದು ಟೆಕ್ಸಾಸಿನ ಮಿತಿ. ಪೆನ್ಸಿಲ್ವೇನಿಯದ್ದು 15/30/5, ಮೇಯ್ನ್ ಮತ್ತು ಅಲಾಸ್ಕದ್ದು 50/100/25. ಫ್ಲಾರಿಡದಲ್ಲಿ ನೋಂದಣಿಗೆ ಬೇಕಾದದ್ದು 10 ಸಾವಿರದ ಸ್ವಂತ ಗಾಯದ ರಕ್ಷಣೆ ಮತ್ತು 10 ಸಾವಿರದ ಆಸ್ತಿ ನಷ್ಟದ ವಿಮೆ. ಇನ್ನೊಬ್ಬರ ಗಾಯಕ್ಕೆ ಕೊಡುವ ವಿಮೆಯನ್ನು ಅಲ್ಲಿ ಎಲ್ಲ ಚಾಲಕರಿಂದ ಮೊದಲೇ ಕೇಳುವುದಿಲ್ಲ.

ಕನಿಷ್ಠ ಮಿತಿಯಿಂದ ಏನಾಗುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 15/30/5 ಪಾಲಿಸಿಯ ಚಾಲಕನೊಬ್ಬ ಸಿಗ್ನಲ್ಲಿನಲ್ಲಿ ನಿಂತ ಕಾರಿಗೆ ಹಿಂದಿನಿಂದ ಗುದ್ದಿದ ಎಂದುಕೊಳ್ಳಿ. ಎದುರಿನ ಕಾರಿನ ಒಬ್ಬರಿಗೆ ಆಸ್ಪತ್ರೆ ಖರ್ಚು 40 ಸಾವಿರ ಡಾಲರು, ಕಾರಿನ ನಷ್ಟ 20 ಸಾವಿರ. ಕಂಪನಿ ಕೊಡುವುದು 15 ಸಾವಿರ ಮತ್ತು 5 ಸಾವಿರ. ಮಿಕ್ಕ 40 ಸಾವಿರಕ್ಕೆ ಚಾಲಕನೇ ಹೊಣೆ. ಕೋರ್ಟು ಆದೇಶವಾದರೆ ಅವನ ಸಂಬಳಕ್ಕೂ ಉಳಿತಾಯಕ್ಕೂ ಕೈ ಬೀಳಬಹುದು.

ಕ್ಯಾಲಿಫೋರ್ನಿಯ 1967ರಲ್ಲಿ ಗೊತ್ತುಮಾಡಿದ 15/30/5 ಮಿತಿಯನ್ನು 2025ರ ಜನವರಿ 1ರವರೆಗೂ ಮುಟ್ಟಲಿಲ್ಲ. ಅಷ್ಟರಲ್ಲಿ ದೇಶದ ಬೆಲೆಮಟ್ಟ ಒಂಬತ್ತು ಪಟ್ಟಿಗೂ ಹೆಚ್ಚಾಗಿತ್ತು. ಈಗ ಅಲ್ಲಿನ ಮಿತಿ 30/60/15. ವರ್ಜೀನಿಯ, ಯೂಟ, ನಾರ್ತ್ ಕ್ಯಾರೊಲಿನ, ಮ್ಯಾಸಚೂಸೆಟ್ಸ್ ಕೂಡ 2025ರಲ್ಲಿ ತಮ್ಮ ಮಿತಿಗಳನ್ನು ಏರಿಸಿದವು. ಮಿತಿ ಏರಿಸಿದಾಗಲೆಲ್ಲ ಅಗ್ಗದ ಪಾಲಿಸಿಯ ದರವೂ ಏರುತ್ತದೆ. ಶಾಸಕರು ದಶಕಗಳ ಕಾಲ ಹಿಂಜರಿಯಲು ಇದೂ ಒಂದು ಕಾರಣ.

ಕೈಗೆಟುಕುವ ವಿಮೆಯ ಹುಡುಕಾಟ

ಕಂತು ಇಳಿಸುವ ಮೊದಲ ಪ್ರಯತ್ನಗಳು ಮಾರುಕಟ್ಟೆಯಿಂದಲೇ ಬಂದವು. ಇಲಿನಾಯ್‌ನ ಬ್ಲೂಮಿಂಗ್ಟನ್‌ನಲ್ಲಿ ಜಾರ್ಜ್ ಮೆಕರ್ಲ್ 1922ರಲ್ಲಿ ಸ್ಟೇಟ್ ಫಾರ್ಮ್ ಕಟ್ಟಿದ್ದು ರೈತರಿಗಾಗಿ. ಹಳ್ಳಿಯ ಚಾಲಕರು ನಗರದವರ ಅಪಘಾತದ ಖರ್ಚನ್ನು ಏಕೆ ಹೊರಬೇಕು ಎಂಬುದು ಆತನ ವಾದ. ಸಿಯರ್ಸ್ ಕಂಪನಿ 1931ರಲ್ಲಿ ಆಲ್‌ಸ್ಟೇಟ್ ತೆರೆದು ಅಂಚೆಯ ಮೂಲಕ ವಿಮೆ ಮಾರಿತು. 1936ರಲ್ಲಿ ಹುಟ್ಟಿದ ಗೈಕೊ ಸರ್ಕಾರಿ ನೌಕರರಿಗೆ ಏಜೆಂಟರ ಕಮಿಷನ್ನಿಲ್ಲದೆ ನೇರವಾಗಿ ಪಾಲಿಸಿ ಕೊಟ್ಟಿತು.

ಯಾವ ಕಂಪನಿಯೂ ಒಪ್ಪದ ಚಾಲಕರಿಗಾಗಿ ನ್ಯೂ ಹ್ಯಾಂಪ್‌ಷೈರ್ 1938ರಲ್ಲಿ ಹಂಚಿಕೆ ಯೋಜನೆ ಆರಂಭಿಸಿತು. ಅಂಥವರನ್ನು ಕಂಪನಿಗಳು ತಮ್ಮ ವಹಿವಾಟಿನ ಪ್ರಮಾಣಕ್ಕೆ ತಕ್ಕಂತೆ ಹಂಚಿಕೊಳ್ಳಬೇಕಿತ್ತು. ವಿಮೆ ಕಡ್ಡಾಯ ಮಾಡದ ರಾಜ್ಯವೇ ಇದಕ್ಕೆ ಮೊದಲಿಗನಾದದ್ದು ವಿಶೇಷ. ಮುಂದೆ ಉಳಿದ ರಾಜ್ಯಗಳೂ ಇಂಥ ಏರ್ಪಾಡು ಮಾಡಿಕೊಂಡವು. ಮೇರಿಲ್ಯಾಂಡ್ ರಾಜ್ಯ ಇದಕ್ಕೆಂದೇ ತನ್ನದೊಂದು ವಿಮಾ ನಿಧಿ ಸ್ಥಾಪಿಸಿತು.

ದರದ ಮೇಲಿನ ಸಿಟ್ಟು ಮತಪೆಟ್ಟಿಗೆಗೆ ಬಂದದ್ದು ಕ್ಯಾಲಿಫೋರ್ನಿಯದಲ್ಲಿ. 1988ರ ನವೆಂಬರಿನಲ್ಲಿ ವಿಮೆಯ ಬಗ್ಗೆ ಐದು ಪ್ರಸ್ತಾವಗಳು ಮತದಾರರ ಮುಂದಿದ್ದವು. ಗೆದ್ದದ್ದು ಗ್ರಾಹಕ ಹೋರಾಟಗಾರ ಹಾರ್ವಿ ರೋಸನ್‌ಫೀಲ್ಡ್ ಬರೆದ 103ನೇ ಪ್ರಸ್ತಾವ ಮಾತ್ರ. ಅದರಂತೆ ದರ ಏರಿಸುವ ಮೊದಲು ಕಂಪನಿ ರಾಜ್ಯದ ಒಪ್ಪಿಗೆ ಪಡೆಯಬೇಕು. ವಿಮಾ ಆಯುಕ್ತರನ್ನು ಜನರೇ ಚುನಾಯಿಸಬೇಕು. ಚಾಲನೆಯ ದಾಖಲೆ, ವರ್ಷಕ್ಕೆ ಓಡಿಸುವ ಮೈಲಿ, ಚಾಲನಾ ಅನುಭವ ಈ ಮೂರಕ್ಕೆ ದರ ನಿರ್ಧಾರದಲ್ಲಿ ಮೊದಲ ಸ್ಥಾನ ಕೊಡಬೇಕು. ಹೆಚ್ಚಿನ ರಾಜ್ಯಗಳಲ್ಲಿ ಗ್ರಾಹಕನ ಸಾಲದ ಚರಿತ್ರೆಯನ್ನೂ ನೋಡಿ ದರ ಹಾಕುತ್ತಾರೆ. ಕ್ಯಾಲಿಫೋರ್ನಿಯ, ಮ್ಯಾಸಚೂಸೆಟ್ಸ್, ಹವಾಯಿಗಳಲ್ಲಿ ಅದಕ್ಕೆ ಅವಕಾಶವಿಲ್ಲ.

ಬಡವರಿಗೆಂದೇ ರೂಪಿಸಿದ ಯೋಜನೆಗಳು ಎರಡು ಹೆಸರಾಗಿವೆ. ಕ್ಯಾಲಿಫೋರ್ನಿಯದ ಕಡಿಮೆ ವೆಚ್ಚದ ಯೋಜನೆಗೆ 1999ರಲ್ಲಿ ಕಾನೂನಾಯಿತು. ಮೊದಲು ಲಾಸ್ ಏಂಜಲೀಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪ್ರಯೋಗ ನಡೆದು, ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಆದಾಯ ಮಿತಿಯೊಳಗಿನ ಒಳ್ಳೆಯ ಚಾಲಕರಿಗೆ ಅದು 10/20/3 ಮಿತಿಯ ಪಾಲಿಸಿ ಕೊಡುತ್ತದೆ. ನ್ಯೂಜೆರ್ಸಿ 2003ರಲ್ಲಿ ತಂದ ವಿಶೇಷ ಪಾಲಿಸಿಗೆ ದಿನಕ್ಕೊಂದು ಡಾಲರ್ ಯೋಜನೆ ಎಂದೇ ಹೆಸರು ಬಿತ್ತು. ಬಡವರ ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇಡ್‌ನ ನೆರವು ಪಡೆಯುವವರಿಗೆ ಮಾತ್ರ ಮೀಸಲಾದ ಇದು ಅಪಘಾತದ ತುರ್ತು ಚಿಕಿತ್ಸೆಗೆ ಹಣ ಕೊಡುತ್ತದೆ. ಇನ್ನೊಬ್ಬರಿಗೆ ಮಾಡಿದ ಹಾನಿಗೆ ಏನನ್ನೂ ಕೊಡುವುದಿಲ್ಲ.

ಇಷ್ಟಾದರೂ ವಿಮೆಯಿಲ್ಲದ ಚಾಲಕರು ಇಲ್ಲವಾಗಿಲ್ಲ. ವಿಮಾ ಸಂಶೋಧನಾ ಮಂಡಳಿಯ ಅಂದಾಜಿನಂತೆ 2022ರಲ್ಲಿ ಸರಿಸುಮಾರು ಏಳು ಚಾಲಕರಲ್ಲಿ ಒಬ್ಬನಿಗೆ ವಿಮೆ ಇರಲಿಲ್ಲ. ಅಂಥವರು ಗುದ್ದಿದಾಗ ಗಾಯಾಳು ತನ್ನ ಪಾಲಿಸಿಯಿಂದಲೇ ಪರಿಹಾರ ಪಡೆಯುವ ರಕ್ಷಣೆಯನ್ನು ನ್ಯೂ ಹ್ಯಾಂಪ್‌ಷೈರ್ 1957ರಲ್ಲಿ ಪಾಲಿಸಿಗಳಲ್ಲಿ ಕಡ್ಡಾಯಗೊಳಿಸಿತು. ಈಗ ಹಲವು ರಾಜ್ಯಗಳಲ್ಲಿ ಈ ನಿಯಮವಿದೆ.

ಕನ್ನಡಿಗರು ಮತ್ತು ಈ ಕಾನೂನುಗಳು

ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆ ಇಡೀ ದೇಶಕ್ಕೆ ಒಂದೇ. ಖಾಸಗಿ ಕಾರಿನ ಥರ್ಡ್ ಪಾರ್ಟಿ ಕಂತು ಎಂಜಿನ್ನಿನ ಸಾಮರ್ಥ್ಯದ ಮೇಲೆ ನಿಂತಿದ್ದು, ಬೀದರಿಗೂ ಬೆಂಗಳೂರಿಗೂ ಒಂದೇ ದರ. ಸಾವು ಮತ್ತು ಗಾಯದ ಪರಿಹಾರಕ್ಕೆ ಮೇಲ್ಮಿತಿಯೂ ಇಲ್ಲ. ಕೆಲಸಕ್ಕೋ ಓದಿಗೋ ಅಮೆರಿಕಕ್ಕೆ ಹೋಗುವ ಕನ್ನಡಿಗರಿಗೆ ಇದರಿಂದ ಗೊಂದಲವಾಗುವುದು ಸಹಜ. ಅಲ್ಲಿ ಕಾನೂನು ಕೇಳುವ ಪಾಲಿಸಿಗೂ ಮಿತಿ ಇರುತ್ತದೆ, ಮಿತಿ ಮೀರಿದ ಹೊಣೆ ಸ್ವಂತದ್ದು. ಬಹುತೇಕ ಕಂಪನಿಗಳು ಭಾರತದ ಚಾಲನಾ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕಾರಣ ಆರಂಭದ ಕಂತು ಹೆಚ್ಚಿರುತ್ತದೆ. ನ್ಯೂಜೆರ್ಸಿಯಿಂದ ಟೆಕ್ಸಾಸಿಗೆ ಮನೆ ಬದಲಿಸಿದರೆ ಹೊಸ ರಾಜ್ಯದ ನಿಯಮದಂತೆ ಪಾಲಿಸಿಯನ್ನೂ ಬದಲಿಸಬೇಕು.

ದರ ಇಳಿಸಿಕೊಳ್ಳಲು ಒಪ್ಪಿತ ದಾರಿಗಳಿವೆ. ಹಲವು ಕಂಪನಿಗಳ ದರ ತಾಳೆ ನೋಡುವುದು, ಪಾಲಿಸಿ ಒಂದು ದಿನವೂ ಕಡಿಯದಂತೆ ನೋಡಿಕೊಳ್ಳುವುದು, ಸ್ವಂತ ಕಾರಿನ ರಿಪೇರಿಯಲ್ಲಿ ಕೈಯಿಂದ ಕೊಡುವ ಪಾಲನ್ನು ಹೆಚ್ಚಿಸಿಕೊಳ್ಳುವುದು, ಕಾರು ತೀರಾ ಹಳೆಯದಾದರೆ ಅದರ ಸ್ವಂತ ಹಾನಿಯ ವಿಮೆ ಬಿಡುವುದು ಅವುಗಳಲ್ಲಿ ಮುಖ್ಯ. ಇನ್ನೊಬ್ಬರ ಗಾಯಕ್ಕೆ ಕೊಡುವ ಮೊತ್ತವನ್ನು ಕಡಿತ ಮಾಡಿ ಉಳಿಸುವುದು ಮಾತ್ರ ಜಾಣತನವಲ್ಲ. ರಾಜ್ಯ ಹೇಳುವ ಕನಿಷ್ಠ ಮಿತಿ ಕಾರು ರಸ್ತೆಗಿಳಿಸಲು ಬೇಕಾದ ಅನುಮತಿಯಷ್ಟೇ. ಅಪಘಾತದ ದಿನ ಅದು ಸಾಲುತ್ತದೆ ಎಂಬ ಭರವಸೆಯನ್ನು ಯಾವ ರಾಜ್ಯದ ಕಾನೂನೂ ಕೊಡುವುದಿಲ್ಲ.